ಕಂಪನಿ ಸ್ಪ್ರಿಂಗೇ ಬೇಕು ಅಂದವಳು

"ನಿನ್ನ ಕೈಗೆ ಕಾರು ಕೊಡೋ ಬದಲು ಗುಜರಿಯವನಿಗೆ ಕೊಟ್ಟಿದ್ರೆ ಚೆನ್ನಾಗಿತ್ತು. ಅವನಾದ್ರೂ ಎದುರಿಗೇ ಬಿಚ್ಚಿ ಹಾಕ್ತಾನೆ. ನೀನು ಬೆನ್ನ ಹಿಂದೆ ಬಿಚ್ಚೋನು."

ಟ್ರಯಲ್ ಓಟ ಮುಗಿಸಿ ಕಾರಿಂದ ಇಳಿದವಳು ಹೆಲ್ಮೆಟ್ ಕೂಡ ಕೆಳಗಿಡದೆ ಅಂದ ಮಾತು ಇದು. ಸುತ್ತ ಬೇರೆ ಡ್ರೈವರುಗಳು, ಟೈರಿನವರು, ಟೈಮ್ ಬರೆಯೋರು ಎಲ್ಲಾ ಇದ್ದರು.

ಬೈಸಿಕೊಂಡವನು ಅವಳಪ್ಪನ ಶೆಡ್ಡಿನ ಮೆಕ್ಯಾನಿಕ್ಕು. ಎಲ್ಲರ ಬಾಯಲ್ಲೂ 'ಸ್ಪ್ಯಾನರ್'. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಓಡಾಡೋ ಆಸಾಮಿ. ಆದರೆ ಅವತ್ತು ಅವನು ಬಗ್ಗಿ ಮುಂದಿನ ಚಕ್ರದ ಒಳಗೆ ಇಣುಕಿದ, ಅವಳ ಮುಖ ನೋಡಿದ, ಏನೋ ಹೇಳೋಕೆ ಬಾಯಿ ತೆಗೆದವನು ಹಾಗೇ ಮುಚ್ಚಿಕೊಂಡ.

ಅವಳ ಅಣ್ಣ ಮಾತ್ರ ನಗ್ತಾ ಇದ್ದ.

"ಪುಟ್ಟೀ, ಅವನನ್ನ ಯಾಕೆ ಬೈತೀಯಾ? ಕಂಪನಿ ಸ್ಪ್ರಿಂಗೇ ಬೇಕು ಅಂತ ಹಟ ಮಾಡಿದ್ದು ನೀನು. ಕಾರು ನೋಡು, ಚರಂಡಿ ದಾಟೋಕೆ ಪ್ಯಾಂಟ್ ಮೇಲೆತ್ತಿಕೊಂಡು ನಿಂತ ಹಾಗಿದೆ."

ಪಾಪ, ಅವಳ ಕಿವಿ ಸುಟ್ಟುಹೋಯಿತು.

ಅಪ್ಪನ ಹತ್ತಿರ ಇದ್ದದ್ದು ಒಂದೇ ಒಂದು ಸ್ಪೋರ್ಟ್ಸ್ ಕಾರು. ಗುಡ್ಡದ ರಸ್ತೆಯ ರೇಸಿನಲ್ಲಿ ಇಬ್ಬರೂ ಅದನ್ನೇ ಓಡಿಸಿ, ಯಾರು ಬೇಗ ಮೇಲೆ ಮುಟ್ಟುತ್ತಾರೋ ಅವರಿಗೆ ಕಾರು... ಇದು ಅಪ್ಪನ ಮಾತು. ಅಣ್ಣ ನಿನ್ನೆಯೇ ಲೋವರಿಂಗ್ ಸ್ಪ್ರಿಂಗ್ ಹಾಕಿಸಿ, ಕಾರನ್ನ ನೆಲಕ್ಕೆ ಅಂಟಿಸಿದ ಹಾಗೆ ತಗ್ಗಿಸಿ, ಒಳ್ಳೆ ಟೈಮ್ ಮಾಡಿಟ್ಟಿದ್ದ. ಅವಳ ಓಟ ಇವತ್ತು ಮಧ್ಯಾಹ್ನ. ಸೋತರೆ ಕಾರು ಅಣ್ಣನ ಪಾಲು, ಅವಳ ಪಾಲಿಗೆ ಮತ್ತದೇ ಅಪ್ಪನ ಅಂಗಡಿಯ ಕೌಂಟರು.

ಗುಡ್ಡದ ತುದಿಯಲ್ಲಿ ಮರದ ಬೇರುಗಳು ಟಾರನ್ನ ಎಬ್ಬಿಸಿವೆ. ತಗ್ಗಿದ ಕಾರು ಅಲ್ಲಿ ತಳ ಕುಟ್ಟಿಕೊಂಡು ಚಕ್ರ ಹಾರಿಸುತ್ತೆ, ಅಲ್ಲಿ ಸ್ಪ್ರಿಂಗಿಗೆ ಉಸಿರಾಡೋಕೆ ಜಾಗ ಬೇಕು, ಕಾರಿನ ಜೊತೆಗೇ ಬಂದ ಎತ್ತರದ ಕಂಪನಿ ಸ್ಪ್ರಿಂಗೇ ಸರಿ ಅನ್ನೋದು ಅವಳ ವಾದ. "ನನ್ನ ಕೇಳಿದ್ರೆ ಲೋವರಿಂಗೇ ಸರಿ. ತಿರುವಲ್ಲಿ ಕಾರು ವಾಲಲ್ಲ," ಅಂದಿದ್ದ ಸ್ಪ್ಯಾನರ್. ಅದಕ್ಕೇ ಇವತ್ತು ಕಾರು ಸಣ್ಣ ಹಳ್ಳಕ್ಕೂ ಕುಪ್ಪಳಿಸಿದಾಗ ಅವಳಿಗೆ ಅನುಮಾನ ಬಂದದ್ದು... 'ನಾನು ಸೋಲಲಿ ಅಂತ ಅಣ್ಣನ ಜೊತೆ ಸೇರಿಕೊಂಡನಾ? ಇವನಾ? ಇವನನ್ನೇ ಅಲ್ವಾ ನಾನು ಕದ್ದು ಕದ್ದು ನೋಡ್ತಿದ್ದದ್ದು...'

ಊಟದ ಹೊತ್ತಿಗೆ ಎಲ್ಲರೂ ನೆರಳು ಹುಡುಕಿಕೊಂಡು ಹೋದರು. ಅವಳು ತಟ್ಟೆ ಪಕ್ಕಕ್ಕಿಟ್ಟು ಎದ್ದಳು. ಮರಳಿ ಬಂದರೆ, ನಾಲ್ಕು ಚಕ್ರಗಳ ಕೆಳಗೂ ದಿಮ್ಮಿ ಕೊಟ್ಟು ಕಾರನ್ನ ನಿಲ್ಲಿಸಿ, ಅದರ ಕೆಳಗೆ ಮಲಗಿದ್ದಾನೆ ಅವನು.

"ಏನು ಬಿಚ್ತಿದೀಯಾ?"

"ಬಿಗಿದದ್ದನ್ನ."

"ಯಾರು ಬಿಗಿದದ್ದು?"

ಕಾರಿನ ಕೆಳಗೆ ಇನ್ನೊಂದು ಬೋಲ್ಟ್ ಕಿರುಗುಟ್ಟಿತು.

ಅವಳಿಗೆ ನೆನಪಾಯಿತು. ನಿನ್ನೆ ಸಂಜೆ... ಸ್ಪ್ರಿಂಗ್ ಬದಲಾಯಿಸಿ, ಚಕ್ರವನ್ನ ಹಿಡಿದಿರೋ ಕೆಳಗಿನ ಆರ್ಮಿನ ಬೋಲ್ಟುಗಳನ್ನ ಸಡಿಲ ಬಿಟ್ಟು ಅವನು ಟೈರ್ ತರೋಕೆ ಹೋಗಿದ್ದ. ಕಾರು ಜಾಕಿನ ಮೇಲಿತ್ತು, ಚಕ್ರಗಳು ನೇತಾಡುತ್ತಿದ್ದವು. ತಡೆಯಲಾರದೆ ಎಲ್ಲಾ ಬೋಲ್ಟನ್ನೂ ಗಟ್ಟಿಯಾಗಿ ಬಿಗಿದು, ಕಾರು ಇಳಿಸಿ, ಅವನು ಬಂದಾಗ 'ಬಿಗಿದಾಯ್ತು' ಅಂದವಳು ಅವಳೇ!

ಚಕ್ರ ನೇತಾಡ್ತಿರೋವಾಗ ಬಿಗಿದರೆ ಬೋಲ್ಟಿನ ಸುತ್ತಲಿನ ರಬ್ಬರು ಹಾಗೇ ಹಿಡಿದುಕೊಳ್ಳುತ್ತೆ. ಕಾರು ನೆಲಕ್ಕಿಳಿದಾಗ ತಿರುಚಿಕೊಂಡು ಮೇಲಕ್ಕೆ ಒತ್ತುತ್ತೆ. ಮಡಚಿದ ಕಾಲಿಗೆ ಪಟ್ಟಿ ಕಟ್ಟಿ, ಏಳು, ಓಡು ಅಂದ ಹಾಗೆ. ಭಾರ ನೆಲಕ್ಕೆ ಬಿದ್ದ ಮೇಲೇ ಕೊನೆ ಬಿಗಿತ. ಶೆಡ್ಡಿನಲ್ಲಿ ಬೆಳೆದವಳಿಗೆ ಇದು ಗೊತ್ತಿಲ್ಲದ್ದೇನಲ್ಲ. ಆತುರ ಕಣ್ಣು ಕಟ್ಟಿತ್ತು.

"ಬೆಳಿಗ್ಗೆಯೇ ಗೊತ್ತಾಯ್ತಲ್ವಾ ನಿನಗೆ? ಯಾಕೆ ಹೇಳಲಿಲ್ಲ?"

"ನಿಮ್ಮಣ್ಣ ಅಲ್ಲೇ ಇದ್ರು. ಗೊತ್ತಾದ್ರೆ ನಿಮ್ಮನ್ನ ಮುದುಕಿ ಆಗೋವರೆಗೂ ಆಡಿಕೊಳ್ತಾರೆ. ನನ್ನದೇನು, ದಪ್ಪ ಚರ್ಮ."

"ಸುಳ್ಳು. ನೀನು ಬಾಯಿ ತೆಗೆದು ಮುಚ್ಚಿಕೊಂಡದ್ದು ನಾನು ನೋಡಿದೆ."

"...ಸಿಟ್ಟು ಬಂದಿತ್ತು, ಮೇಡಂ. ಇಲ್ಲ ಅನ್ನಲ್ಲ."

"ಈಗಲೂ ಲೋವರಿಂಗೇ ಸರಿ ಅನ್ಸತ್ತಾ?"

"ಅನ್ಸತ್ತೆ."

"ಮತ್ತೆ ಊಟ ಬಿಟ್ಟು ಇದನ್ನ ಯಾಕೆ ಮಾಡ್ತಿದೀಯಾ?"

ಅವನು ತಲೆ ಹೊರಗೆ ಹಾಕಿದ. ಹಣೆ ತುಂಬಾ ಗ್ರೀಸು.

"ಓಡಿಸೋರು ನೀವು. ಸೋತ್ರೆ ನೀವು ಆರಿಸಿದ್ದರಿಂದ ಸೋಲಬೇಕು, ಕೆಟ್ಟ ಕೆಲಸದಿಂದ ಅಲ್ಲ. ಹೋಗಿ ಸೀಟಲ್ಲಿ ಕೂತ್ಕೊಳ್ಳಿ. ನಿಮ್ಮ ಭಾರಾನೂ ಬೇಕು."

ಅವಳು ಕೂತಳು. ಕೆಳಗೆ ಅವನು ಒಂದೊಂದೇ ಬೋಲ್ಟ್ ಬಿಗಿದಂತೆ ಆ ಬಿಗಿತ ಸೀಟಿನ ಮೂಲಕ ಅವಳ ಬೆನ್ನಿಗೆ ತಾಕುತ್ತಿತ್ತು. ಕಣ್ಣು ಒರೆಸಿಕೊಂಡಳು. 'ನಾನು ಎಂಥಾ ಮಾತಾಡಿಬಿಟ್ಟೆ...'

ಮಧ್ಯಾಹ್ನ ಬಾವುಟ ಇಳಿಯಿತು. ಕಾರು ಹಾರಿತು.

ಕೆಳಗಿನ ತಿರುವುಗಳಲ್ಲಿ ಕಾರು ವಾಲಿತು, ಸ್ಪ್ಯಾನರ್ ಹೇಳಿದ್ದು ಸುಳ್ಳಲ್ಲ. ಅಲ್ಲಿ ಅವಳು ಅಣ್ಣನಿಗಿಂತ ಹಿಂದೆ ಬಿದ್ದಳು. ಹಲ್ಲು ಕಚ್ಚಿದಳು. ಗುಡ್ಡದ ತುದಿ ಬಂತು, ಬೇರುಗಳು ಬಂದವು. ನಿನ್ನೆ ಅಣ್ಣ ಬ್ರೇಕ್ ಒತ್ತಿದ್ದ ಜಾಗ. ಅವಳು ಆಕ್ಸಿಲರೇಟರಿನಿಂದ ಕಾಲು ಎತ್ತಲಿಲ್ಲ. ಚಕ್ರಗಳು ಏರಿದವು, ಇಳಿದವು, ನೆಲ ಬಿಡಲಿಲ್ಲ... ಕಾರು ಬೆಕ್ಕಿನ ಹಾಗೆ ದಾಟಿಹೋಯಿತು!

ಬೋರ್ಡಿನ ಮೇಲೆ ಅಣ್ಣನ ಟೈಮ್ ಕೆಳಗಿಳಿಯಿತು, ಅವಳದು ಮೇಲೇರಿತು. ಕೇಕೆ, ಶಿಳ್ಳೆ. ಕಾರನ್ನ ಕೆಳಗೆ ತಂದು ನಿಲ್ಲಿಸಿದಾಗ ಅಪ್ಪ ಅವಳ ಹೆಗಲು ತಟ್ಟಿ, ಕಾರಿನ ಇನ್ನೊಂದು ಬೀಗದ ಕೈಯನ್ನೂ ಅವಳ ಅಂಗೈಯಲ್ಲಿಟ್ಟರು.

ಅವಳು ಬೆಳಿಗ್ಗೆ ನಿಂತಿದ್ದ ಜಾಗಕ್ಕೇ ಬಂದು ನಿಂತಳು.

"ಎಲ್ಲರೂ ಕೇಳಿ. ನಿನ್ನೆ ಕಾರು ಕೆಡಿಸಿದ್ದು ನಾನು. ಚಕ್ರ ನೇತಾಡ್ತಿರೋವಾಗ ಬೋಲ್ಟ್ ಬಿಗಿದೋಳು ನಾನು. ಸರಿ ಮಾಡಿದ್ದು ಇವನು. ಬೈಸಿಕೊಂಡೋನೂ ಇವನೇ."

ಅವಳು ಸ್ಪ್ಯಾನರ್ ಕಡೆ ತಿರುಗಿದಳು.

"ನನ್ನ ಜೊತೆ ಬಾಳ್ತೀಯಾ?"

"ಮೇಡಂ... ಜನ ನೋಡ್ತಿದಾರೆ."

"ಬೈಯೋವಾಗ್ಲೂ ನೋಡ್ತಿದ್ರು. ಇನ್ನೊಂದ್ಸಲ ಮೇಡಂ ಅಂದ್ರೆ ಮತ್ತೆ ಬೈತೀನಿ."

ಅವನು ಗ್ರೀಸಿನ ಕೈಯನ್ನ ಒರೆಸಿಯೇ ಒರೆಸಿದ. ಆಮೇಲೆ ಮೆಲ್ಲಗೆ, ಮೊದಲ ಸಲ ಏಕವಚನದಲ್ಲಿ...

"ನೀನು ಆ ಬೇರಿನ ಹತ್ರ ಬ್ರೇಕ್ ಹಿಡಿಯೋವರೆಗೂ ಉಸಿರು ಬಿಡಬಾರ್ದು ಅಂತ ನಿಂತಿದ್ದೆ. ನೀನು ಹಿಡಿಯಲೇ ಇಲ್ಲ."

"ಅಂದ್ರೆ?"

"ಅಂದ್ರೆ, ಇನ್ನೂ ಬಿಟ್ಟಿಲ್ಲ."

ಅವಳು ಅತ್ತುಕೊಂಡೇ ನಕ್ಕಳು. ಹೋಗಿ ಕಾರಿನ ಎಡಬಾಗಿಲು ತೆರೆದು ಕಾದು ನಿಂತಳು.

"ಏನೋ," ಅಣ್ಣ ಹಿಂದಿನಿಂದ ಕೂಗಿದ, "ಕಾರಿನ ಕೆಳಗೆ ಮಲಗೋನು ಮನೆ ಒಳಗೇ ಬರೋಕೆ ಹೊರಟ್ಯೇನೋ?"

ಸ್ಪ್ಯಾನರ್ ತಿರುಗಿದ. ಅಣ್ಣನನ್ನ ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದ. ಅಂಗಿಯ ಧೂಳು ಕೊಡವಿಕೊಂಡ. ಅವಳು ತೆರೆದು ಹಿಡಿದ ಬಾಗಿಲಿನ ಕಡೆಗೆ ಎದೆಯೆತ್ತಿ ನಡೆದುಬಿಟ್ಟ.