ಕಷಾಯಕ್ಕೆ ಬಿದ್ದ ಹೆಂಡತಿ

“ನಿಮ್ಮ ಯಂತ್ರ ಒಬ್ಬ ಹೆಂಡತಿಯನ್ನ ಕಷಾಯಕ್ಕೆ ಹಾಕಿದೆ!”

ವೆನ್ ಯಿಂಗ್‌ಲಾನ್ ಬೆಚ್ಚಿ ತಿರುಗಿದಳು. ಚೀನಾದ ಸುಝೌ ನಗರದ ಹಳೆಯ ವೈದ್ಯಗ್ರಂಥಗಳ ಭಂಡಾರ. ಕಿಟಕಿಯಾಚೆ ಗುಯಿಹುವಾ ಹೂಗಳ ಸಿಹಿ ಕಂಪು. ಬೆನ್ನ ಹಿಂದೆ ಹಸ್ತಪ್ರತಿ ಓದಲು ಬಂದ ಹೊಸಬ, ಲಿನ್‌ಶು.

ಸಾವಿರಾರು ಹಳೆಯ ಔಷಧಯೋಗಗಳಿಂದ ಗಿಡಮೂಲಿಕೆಗಳ ಹೆಸರು ಹೆಕ್ಕಲು ಕಂಪ್ಯೂಟರಿಗೆ ಕಲಿಸುವುದು ಅವಳ ಕೆಲಸ; ಹಾಗಾಗಿ ಎಲ್ಲರಿಗೂ ಅವಳು ‘ಮೇಷ್ಟ್ರು’.

“ಇಲ್ಲಿ ನೋಡಿ, ವೆನ್ ಮೇಷ್ಟ್ರೇ. ಈ ಔಷಧಯೋಗದ ಅಂಚಿನಲ್ಲಿ ಯಾರೋ ಒಬ್ಬ ಹೆಂಡತಿ ಬರೆದಿದ್ದಾಳೆ, ‘ಕೆಮ್ಮು ಇಳಿಯಿತು. ದಾಂಗ್‌ಗುಯಿ.’ ನಿಮ್ಮ ಯಂತ್ರ ಅದನ್ನ ಕಷಾಯದ ಬೇರು ಅಂದುಕೊಂಡಿದೆ.”

“ದಾಂಗ್‌ಗುಯಿ ಅಂದ್ರೆ ಬೇರು ತಾನೇ?”

“ಮರಳಿ ಬರಲೇಬೇಕು ಅಂತಲೂ ಅರ್ಥ. ದೂರ ಹೋದ ಗಂಡನನ್ನ ಕರೀತಿದ್ದಾಳೆ!”

“ನನ್ನ ಯಂತ್ರಕ್ಕೆ ಪ್ರೀತಿ ಗೊತ್ತಿಲ್ಲ ಸ್ವಾಮಿ.”

“ಯಂತ್ರದ ಯಜಮಾನಿಗೆ?”

ಅವಳ ಕಿವಿ ಕೆಂಪಾಯಿತು. ಎಂಥ ಬಾಯಿ ಇವನದು!

ಆ ಶರತ್ಕಾಲವಿಡೀ ಅವನು ಓದಿದ, ಅವಳು ಯಂತ್ರವನ್ನು ತಿದ್ದಿದಳು. ನಡುವೆ ಒಂದೇ ಬಟ್ಟಲಿನ ನೂಡಲ್ಸ್, ಮುಗಿಯದ ಜಗಳ. ದಿನಗಳು ಹೂವಿನ ಕಂಪಿನಂತೆ, ಹಿಡಿಯಲು ಸಿಗದೆ ತೇಲಿದವು...

ಒಂದು ಮಧ್ಯಾಹ್ನ ಅವನ ಫೋನ್ ಮಾತು ಕಿವಿಗೆ ಬಿತ್ತು. “ಬರ್ತೀನಜ್ಜಾ. ಮೂಲಿಕೆ ಅಂಗಡಿ ನಾನೇ ನೋಡ್ಕೋತೀನಿ. ಇಲ್ಲಿ ನನ್ನನ್ನ ಹಿಡಿದಿಡೋರು ಯಾರಿದ್ದಾರೆ?”

ಯಾರೂ ಇಲ್ಲವೇ? ಹಾಗಾದರೆ ನಾನು...?

ಅವಳು ಮಾತು ಬಿಟ್ಟಳು. ಅವನು ಏನಾಯಿತೆಂದು ಕೇಳಿದ, ಕಾದ, ಕೊನೆಗೆ ಊರಿಗೆ ಟಿಕೆಟ್ ತೆಗೆಸಿದ. ಅಜ್ಜನಿರುವ ಗಾನ್ಸುವಿಗೆ ಹೊರಟ ದಿನ ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತ.

“ನಮ್ಮೂರಿಂದ ನಿಮಗೇನು ಕಳಿಸಲಿ?”

ಈಗ ಹೇಳದಿದ್ದರೆ ಇನ್ನೆಂದೂ ಇಲ್ಲ.

“ದಾಂಗ್‌ಗುಯಿ.”

ಲಿನ್‌ಶು ಗಾಬರಿಯಾದ. “ಅಯ್ಯೋ, ಮೈಗೆ ಹುಷಾರಿಲ್ವಾ? ರಕ್ತ ಕಮ್ಮಿಯಾಗಿದೆಯಾ? ಬೇರಿನ ತಲೆ ಬೇಕೋ, ಬಾಲ ಬೇಕೋ? ಎರಡರ ಗುಣವೂ ಬೇರೆ...”

ಅವಳು ಅಳುತ್ತಲೇ ನಕ್ಕುಬಿಟ್ಟಳು. “ದಡ್ಡ! ಈಗ ನೀನೇ ಯಂತ್ರ!”

ಮರಳಿ ಬರಲೇಬೇಕು! ಅವನಿಗೆ ಈಗ ಹೊಳೆಯಿತು. ಹೆಗಲ ಚೀಲ ನಿಧಾನವಾಗಿ ಜಾರಿತು.

“ನಾನು... ನಿಂಗೆ ನಾನು ಯಾರೂ ಅಲ್ಲ ಅಂದ್ಕೊಂಡಿದ್ದೆ. ಮಾತೇ ಬಿಟ್ಟೆಯಲ್ಲ!”

“ಹಿಡಿದಿಡೋರು ಯಾರೂ ಇಲ್ಲ ಅಂತ ನೀನೇ ಅಜ್ಜನಿಗೆ ಹೇಳ್ದೆಯಲ್ಲ!”

“ನೀನು ಹಿಡಿದಿರಲಿಲ್ಲವಲ್ಲ!”

ಅವಳು ಅವನ ತೋಳನ್ನು ಬಿಗಿಯಾಗಿ ಹಿಡಿದಳು. ಗಾಳಿಗೆ ಹೂಗಳು ಮೆಟ್ಟಿಲ ಮೇಲೆ ಉದುರಿದವು.

“ಅಜ್ಜನಿಗೆ ಹೇಳಿ ಬರ್ತೀನಿ,” ಅವನು ಪಿಸುಗುಟ್ಟಿದ, “ಹಿಡಿದಿಡೋರು ಸಿಕ್ಕಿದ್ರು ಅಂತ.”

“ಬರ್ತೀಯಾ?”

“ದಾಂಗ್‌ಗುಯಿ.”

“ಬೇರಾ?”

“ಅಲ್ಲ ಮೇಷ್ಟ್ರೇ... ಮರಳಿ ಬರೋ ಗಂಡ.”