ಎಲ್ಲರೂ ಪುಷ್ಯದವರೇ

"ಬಂದ್ ಮಾಡ್ರಿ! ಪಟ್ಟಿ ಬಿಚ್ಚರಿ!" ಎಂದು ಕೂಗುತ್ತ ನೀಲವ್ವ ಹೆರಿಗೆ ಕೋಣೆಗೆ ನುಗ್ಗಿದರು. ಸೊಸೆ ಶಾಂಭವಿಯ ಹೊಟ್ಟೆಯ ಮೇಲೆ ಹಸಿರು ಗೆರೆ ಆಗಲೇ ಮೂಡಿತ್ತು. ಡಾಕ್ಟರ್ ವಾರಿಜಾ ಪಟ್ಟಿಯ ಗುಂಡಿಯಿಂದ ಬೆರಳು ತೆಗೆದರು.

ಹೊಟ್ಟೆಗೆ ಕಟ್ಟುವ ಈ ಪ್ರಸವಪಟ್ಟಿ ವಾರಿಜಾ ಅವರದೇ ಸೃಷ್ಟಿ. ಚಾಕುವಿಲ್ಲ, ಹೊಲಿಗೆಯಿಲ್ಲ, ಶಬ್ದದ ಅಲೆಗಳು ಗರ್ಭಕೋಶವನ್ನು ಪರದೆಯಂತೆ ಸರಿಸಿ, ಮಗುವನ್ನು ಎತ್ತಿಕೊಂಡ ಮೇಲೆ ಮತ್ತೆ ಬೆಸೆಯುತ್ತವೆ. ಸಿಸೇರಿಯನ್ ಹೆಚ್ಚಾಯಿತೆಂದು ಹಿಂದೆ ನಡೆದ ವಾದವೆಲ್ಲ ಇದರಿಂದ ತಣ್ಣಗಾಯಿತು. ಗಾಯವೇ ಇಲ್ಲದ ಮೇಲೆ ವಾದ ಯಾತಕ್ಕೆ? ಹುಬ್ಬಳ್ಳಿಯಲ್ಲಿ ನೋವು ತಿಂದು ಹೆತ್ತವರು ಈಗ ಅಜ್ಜಿಯರು ಮಾತ್ರ. ಆದರೆ ಹೆರುವ ಹೊತ್ತು ಕೈಗೆ ಸಿಕ್ಕಿದ್ದೇ ತಡ, ಜನ ಪಂಚಾಂಗ ಹಿಡಿದು ಬಂದರು. ಪುಷ್ಯ ನಕ್ಷತ್ರದ ದಿನ ಆಸ್ಪತ್ರೆಯಲ್ಲಿ ಕಾಲಿಡಲು ಜಾಗವಿಲ್ಲ. ಉಳಿದ ದಿನ ದಾದಿಯರು ಚೌಕಾಬಾರ ಆಡುತ್ತಾರೆ.

"ಇವತ್ತು ಪುಷ್ಯ. ನೀವೇ ಕೇಳಿದ ದಿನ ಅಲ್ವೇನಮ್ಮ?" ಎಂದರು ವಾರಿಜಾ.

"ಅದ ತಪ್ಪಾತ್ರಿ ಡಾಕ್ಟರ್ ಬಾಯಾರ. ಸಣ್ಣ ಮಗ ಮಲ್ಲೇಶಗ ಕನ್ಯಾ ನೋಡಿ ಈಗ ಬಂದ್ನಿ. ಹುಡುಗಿ ಚಲೋ, ಮನಿತನ ಚಲೋ. ನಕ್ಷತ್ರ? ಪುಷ್ಯ! ಇವಂದೂ ಅದ. ಒಂದ ನಕ್ಷತ್ರಕ್ಕ ಲಗ್ನ ಕೂಡಂಗಿಲ್ಲಂತ ಅವರು ಬಾಗಲಾ ಹಾಕಿದ್ರು. ಊರಾಗ ಬ್ಯಾರೆ ನಕ್ಷತ್ರದ ಪೋರಿ ಒಂದರ ಅದಾಳೇನ್ರಿ?"

ರಕ್ತ, ನಂಜು, ನೋವು, ಎಲ್ಲವನ್ನೂ ಲೆಕ್ಕ ಹಾಕಿದ್ದ ವಾರಿಜಾ ಇದೊಂದನ್ನು ಯೋಚಿಸಿರಲಿಲ್ಲ. ನಗು ತಡೆಯಲಾಗಲಿಲ್ಲ.

"ಹಾಗಾದ್ರೆ?"

"ಸಂಜಿಗೆ ಆಶ್ಲೇಷಾ ಬರತೈತಿ. ಆವಾಗ ತಗೀರಿ."

"ಆಶ್ಲೇಷಾದ ಹುಡುಗಿ ಅತ್ತೆಗೆ ಆಗಲ್ಲ ಅಂತೀರಲ್ಲ!"

"ಆಕಿ ಅತ್ತಿ ಪಾಡು ಆಕಿದು! ಕೂಸು ಹೆಣ್ಣಾದ್ರ ನಮ್ಮ ಮನಿ ಮುಂದ ವರಗಳು ಪಾಳಿ ಹಚ್ಚತಾವ."

ಅಷ್ಟರಲ್ಲಿ ಶಾಂಭವಿ ಮಂಚದ ಕಂಬಿ ಹಿಡಿದು ನರಳಿದಳು. ಪಟ್ಟಿಯ ಮೇಲೆ ಕೆಂಪು ದೀಪ ಹತ್ತಿತು. ನೋವು ತಾನಾಗಿಯೇ ಶುರುವಾಗಿತ್ತು. ಆ ದೀಪ ಹತ್ತಿದ್ದನ್ನು ವಾರಿಜಾ ನೋಡಿದ್ದು ಇದೇ ಮೊದಲು.

"ಹೆದರಬೇಡ. ಪಟ್ಟಿ ಈ ನೋವನ್ನ ಸಂಜೆತನಕ ತಡೀತದೆ. ಇಲ್ಲಾಂದ್ರೆ ಈಗಲೇ ಮಗು ತೆಗೀತೀನಿ. ಯಾವುದು ಬೇಕಮ್ಮ?"

"ಕೂಸಿನ ಎದಿಬಡಿತ ಹೆಂಗೈತ್ರಿ?" ಶಾಂಭವಿ ಕೇಳಿದಳು.

"ಚೆನ್ನಾಗಿದೆ."

"ಅದಕ್ಕ ತೊಂದ್ರಿ ಆದ್ರ ಪಟ್ಟಿ ಕಟ್ಟರಿ. ಅಲ್ಲೀತನಕ ಬ್ಯಾಡ." ಶಾಂಭವಿ ಕೊಂಡಿ ಬಿಚ್ಚಿ ಪಟ್ಟಿಯನ್ನು ಅತ್ತೆಯ ಕೈಗಿಟ್ಟಳು. "ನಂದೂ ಪುಷ್ಯ, ನಿಮ್ಮ ಹಿರೇಮಗಂದೂ ಪುಷ್ಯ. ಜಾತಕಾ ನೋಡದ ಲಗ್ನಾದ್ವಿ. ಏನಾಗೇತಿ ನಮಗ?"

"ನೋವಿನ ಹೆರಿಗೆ ಮಾಡಿಸಿ ನನಗೆ ಮೂವತ್ತು ವರ್ಷ ಆಯ್ತಮ್ಮ," ಎಂದರು ವಾರಿಜಾ ಮೆಲ್ಲಗೆ.

"ನಂಗ ಇದ ಮೊದಲನೇದ್ರಿ. ಇಬ್ರೂ ಕೂಡೇ ಕಲಿಯೋಣ."

ನೀಲವ್ವ ಸೊಸೆಯ ಕಿವಿಯ ಬಳಿ ಬಾಗಿದರು. "ಸಂಜಿತನಕರ ಪಟ್ಟಿ ಕಟ್ಟಿಗೊಂಡು ತಡಿಯವಾ. ಮಲ್ಲೇಶನ ಹೆಂಡತಿಗಂತ ಮಾಡಿಸಿದ ಬಂಗಾರದ ಪಾಟ್ಲಿ ನಿನ್ನ ಕೈಗೆ ಹಾಕ್ತೀನಿ."

"ಒಲ್ಲೆ," ಎಂದಳು ಶಾಂಭವಿ.