ಬಂದೂಕಿರುವ ಮನೆ

ಅಂಗಡಿಗೆ ಹೊಸ ಬೋರ್ಡು ಏರಿಸಿದ ದಿನ ಏಣಿ ಹಿಡಿದುಕೊಂಡು ನಿಂತವನು ರುದ್ರಪ್ರಸಾದ್. ಪೈಂಟರ್ ಮೇಲಿನಿಂದ ಬಟ್ಟೆ ಸರಿಸಿದಾಗ ಕೆಂಪು ಅಕ್ಷರಗಳು ಕಂಡವು: ಚನ್ನಲಿಂಗಪ್ಪ ಅಂಡ್ ಕೋ, ಕಬ್ಬಿಣ ಮತ್ತು ಸಿಮೆಂಟ್ ವ್ಯಾಪಾರಿಗಳು, ಕನಕಪುರ. ಆ 'ಕೋ' ನೋಡಿ ಅವನಿಗೆ ಕಣ್ಣು ತುಂಬಿ ಬಂತು. ಹದಿಮೂರು ವರ್ಷ ಮೊಳೆ ತೂಗಿದ್ದಕ್ಕೆ, ಮೂಟೆ ಇಳಿಸಿದ್ದಕ್ಕೆ, ದೊಡ್ಡಪ್ಪ ಬಾಯಿಬಿಟ್ಟು ಹೇಳಲಾರದ್ದನ್ನು ಬೋರ್ಡಿನಲ್ಲಿ ಹೇಳಿದ್ದಾರೆ ಎಂದುಕೊಂಡ.

"ಕೋ ಅಂದ್ರೆ ನಾನೇ ಅಲ್ವಾ ದೊಡ್ಡಪ್ಪ?"

ಚನ್ನಲಿಂಗಪ್ಪ ಎಲೆಅಡಿಕೆ ತುಂಬಿದ ಬಾಯಲ್ಲೇ ನಕ್ಕರು. "ನೀನ್ಯಾಕ್ಲಾ ಆಯ್ತೀಯ? ಜಾಗ ಖಾಲಿ ಕಾಣ್ತದೆ ಅಂದ ಪೈಂಟರು. ಏನಾರ ಹಾಕಪ್ಪ ಅಂದೆ, ಹಾಕ್ದ."

ಪೈಂಟರ್ ಕೂಡ ನಕ್ಕ. ರುದ್ರಪ್ರಸಾದ್ ಏಣಿಯನ್ನು ಬಿಡಲಿಲ್ಲ. ಅವನು ತಾಳ್ಮೆಯ ಮನುಷ್ಯ.

ಅಪ್ಪ ತೀರಿಕೊಂಡ ಮೇಲೆ, ಬಿ.ಕಾಂ. ಮುಗಿಸಿ ಈ ಅಂಗಡಿಗೆ ಬಂದಾಗ ಅವನಿಗೆ ಇಪ್ಪತ್ತೊಂದು. ಊಟ ದೊಡ್ಡಪ್ಪನ ಮನೆಯಲ್ಲಿ, ನಿದ್ದೆ ಅಂಗಡಿಯ ಹಿಂದಿನ ಕೋಣೆಯಲ್ಲಿ. ದೊಡ್ಡಪ್ಪನಿಗೂ ದೊಡ್ಡಮ್ಮ ಗಿರಿಜಾಂಬ ಅವರಿಗೂ ಮಕ್ಕಳಿಲ್ಲ. ಅತ್ತ ಹಾರೋಹಳ್ಳಿಯ ಸುತ್ತ ರಾಗಿ ಹೊಲಗಳ ಮೇಲೆ ಕಾರ್ಖಾನೆಯ ಶೆಡ್ಡುಗಳು ಏಳುತ್ತಿದ್ದವು. ಪ್ರತಿ ಶೆಡ್ಡಿಗೂ ಬೋಲ್ಟು ಬೇಕು, ಪೈಪು ಬೇಕು, ಶೀಟು ಬೇಕು. ಅಲ್ಲಿ ರಸ್ತೆಗೆ ಮುಖ ಮಾಡಿದ ಒಂದು ಅಂಗಡಿ, ಅದರ ಮೇಲೆ 'ರುದ್ರಪ್ರಸಾದ್ ಹಾರ್ಡ್‌ವೇರ್' ಎಂಬ ಬೋರ್ಡು. ಅವನಿಗೆ ಬೇಕಾದದ್ದು ಅಷ್ಟೇ. ಅದಕ್ಕಾಗುವಷ್ಟು ಬಂಡವಾಳ ದೊಡ್ಡಮ್ಮನ ಬೀರುವಿನಲ್ಲಿತ್ತು: ಚಿನ್ನದ ಡಾಬು, ಕಾಸಿನ ಸರ, ಒಂದಷ್ಟು ಬಳೆ. ತಮ್ಮ ಕಾಲದ ನಂತರ ಅವೆಲ್ಲ ಮಠಕ್ಕೆ ಎಂದು ದೊಡ್ಡಪ್ಪ ಊರಿಗೆಲ್ಲ ಹೇಳಿಕೊಂಡು ಬಂದಿದ್ದರು. ಮಠದಲ್ಲಿ ಡಾಬನ್ನು ಯಾರು ಕಟ್ಟಿಕೊಳ್ಳುತ್ತಾರೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಬೀರು ಒಡೆಯುವುದು ದೊಡ್ಡ ಕೆಲಸವಲ್ಲ. ಅಂಥ ಬೀಗವನ್ನು ಅವನೇ ಮಾರುತ್ತಿದ್ದ. ತೊಂದರೆಯೆಂದರೆ ಒಡವೆ ಹೋದ ಮನೆಯಲ್ಲಿ ಪೊಲೀಸರು ಮೊದಲು ಮನೆಯವರ ಮುಖ ನೋಡುತ್ತಾರೆ. ಈ ಮಾತು ಅವನ ತಲೆಯಲ್ಲಿ ವರ್ಷಗಟ್ಟಲೆ ಕೂತಿತ್ತು, ಹಾರೋಹಳ್ಳಿಯ ಕೆಂಪರಾಜು ರಿವಾಲ್ವರ್ ಕೊಳ್ಳುವವರೆಗೆ.

ಕೆಂಪರಾಜುವಿನ ಹೊಲ ಕಾರ್ಖಾನೆಗೆ ಹೋಗಿತ್ತು. ಬಂದ ದುಡ್ಡಿನಲ್ಲಿ ಅವನು ಮನೆ ಕಟ್ಟಿಸಿದ, ಕಾರು ತಂದ, ಕೊನೆಗೆ ಮನೆ ಕಾಯಲು ರಿವಾಲ್ವರ್ ತಂದ. ಸಿಮೆಂಟು ಕೊಳ್ಳಲು ಬಂದಾಗ ಅದನ್ನು ದೊಡ್ಡಪ್ಪನ ಎದುರೇ ಗಲ್ಲಾಪೆಟ್ಟಿಗೆಯ ಮೇಲಿಟ್ಟು ಬೆವರು ಒರೆಸಿಕೊಂಡ. ಆ ದಿನ ದೊಡ್ಡಪ್ಪ ಮಧ್ಯಾಹ್ನ ಸರಿಯಾಗಿ ಊಟ ಮಾಡಲಿಲ್ಲ.

"ಪ್ರಸಾದಿ, ನಮ್ಮನೇಗೂ ಒಂದು ಬೇಕು ಕಣ್ಲಾ," ಅಂದರು ಮಜ್ಜಿಗೆಯ ಹೊತ್ತಿಗೆ. "ಕಾಲ ಕೆಟ್ಟೋಗೈತೆ. ಎಲ್ಲೆಲ್ಲಿಂದಲೋ ಜನ ಬಂದವ್ರೆ. ನೀನು ಓದಿದೋನು. ಯಾವ್ದು ತಗಬೇಕು ಅಂತ ನೋಡು."

ರುದ್ರಪ್ರಸಾದ್ ತುತ್ತು ಬಾಯಿಗೆ ಇಡುತ್ತಿದ್ದವನು ಹಾಗೇ ಕುಳಿತ. ಎಲ್ಲ ಒಮ್ಮೆಲೇ ಹೊಳೆಯಿತು. ಒಡವೆ ಹೋದರೆ ಪೊಲೀಸರು ಮನೆಯವರನ್ನು ಕೇಳುತ್ತಾರೆ. ಬಂದೂಕು ಹೋದರೆ ಊರನ್ನೇ ಕೇಳುತ್ತಾರೆ. ಬಂದೂಕಿಗಾಗಿಯೇ ಬಂದ ಗುಂಪು, ಕೈಗೆ ಸಿಕ್ಕಿತೆಂದು ಒಡವೆಯನ್ನೂ ಬಾಚಿಕೊಂಡು ಹೋಯಿತು ಅಂದರೆ, ಸಿಮೆಂಟು ಮೂಟೆ ಹೊರುವ ಒಬ್ಬ ಬಡಪಾಯಿಯ ಕಡೆ ಯಾರು ತಿರುಗಿ ನೋಡುತ್ತಾರೆ? ಅವನಿಗೆ ನಗು ಉಕ್ಕಿ ಬಂದು ನೆತ್ತಿಗೆ ಹತ್ತಿತು. ದೊಡ್ಡಮ್ಮ ತಲೆ ತಟ್ಟಿ ನೀರು ಕೊಟ್ಟರು.

ಅರ್ಜಿಯಲ್ಲಿ ಯಾವ ಬಗೆಯ ಬಂದೂಕು ಎಂದು ಬರೆಯಬೇಕಿತ್ತು. ಅದಕ್ಕಾಗಿ ಇಬ್ಬರೂ ಬೆಂಗಳೂರಿನ ಒಂದು ಬಂದೂಕಿನ ಅಂಗಡಿಗೆ ಹೋದರು. ದೊಡ್ಡಪ್ಪನ ಕೈ ನೇರವಾಗಿ ರಿವಾಲ್ವರಿಗೆ ಹೋಯಿತು.

"ಇದು ಚೆನ್ನಾಗೈತೆ ಕಣ್ಲಾ. ಸೊಂಟದಾಗೇ ಕೂತ್ಕತದೆ."

ಸೊಂಟದಲ್ಲಿ ಕೂರುತ್ತದೆ ಎಂಬುದೇ ಕಷ್ಟ. ದೊಡ್ಡಪ್ಪ ಹೋದಲ್ಲೆಲ್ಲ ಅದೂ ಹೋಗುತ್ತದೆ, ಮಲಗಿದರೆ ದಿಂಬಿನ ಕೆಳಗೆ ಮಲಗುತ್ತದೆ. ಮನೆಯಲ್ಲಿ ಇಲ್ಲದ ಬಂದೂಕನ್ನು ಮನೆಯಿಂದ ಕದಿಯುವುದು ಹೇಗೆ? ಏರ್‌ಗನ್ನಿಗಾಗಿ ಯಾವ ಗುಂಪೂ ಬರುವುದಿಲ್ಲ. ಒಂಟಿ ನಳಿಗೆಯದು ತೋಟದ ಹಂದಿ ಬೆದರಿಸುವವರದು. ಗೋಡೆಗೆ ಒರಗಿಸಿದ್ದ ಡಬಲ್ ಬ್ಯಾರೆಲ್ ಕಂಡಾಗ ಅವನ ಮನಸ್ಸು ತಣ್ಣಗಾಯಿತು. ಉದ್ದ, ಭಾರ, ಬಸ್ಸಿನಲ್ಲಿ ಒಯ್ಯಲಾಗದು, ಮನೆಯಲ್ಲೇ ಇರಬೇಕು. ಅದನ್ನು ಬಿಚ್ಚಿ, ತೋಟಾ ತುಂಬಿ, ಗುರಿ ಹಿಡಿಯುವಷ್ಟರಲ್ಲಿ ಯಾವ ಕಳ್ಳನಿಗಾದರೂ ಹತ್ತಿರ ಬರಲು ಸಮಯವಿರುತ್ತದೆ. ಅವನ ಕತೆಯ ಕಳ್ಳರಿಗೂ ಇರುತ್ತದೆ.

"ದೊಡ್ಡಪ್ಪ, ಕೆಂಪರಾಜಣ್ಣಂದು ಯಾರಿಗ್ ಕಾಣ್ತದೆ ಹೇಳಿ?" ಅಂದ. "ತೋರಿಸ್ಬೇಕು ಅಂದ್ರೆ ಅವ್ರು ಅಂಗಿ ಎತ್ಬೇಕು. ಇದನ್ನ ಜಗಲಿ ಮೇಲೆ ಒರೆಸ್ತಾ ಕೂತ್ರೆ ಬೀದಿ ಆ ತುದಿಗೂ ಕಾಣ್ತದೆ."

ಅಂಗಡಿಯವನು ಅಡ್ಡ ಬಾಯಿ ಹಾಕಿದ. "ಸರಿಯಾಗಿ ಹೇಳಿದ್ರಿ. ಕಳ್ಳನಿಗೆ ಗುಂಡು ಬೇಡ ಸಾರ್. ಮನೇಲಿ ಬಂದೂಕಿದೆ ಅನ್ನೋ ಸುದ್ದಿ ಸಾಕು."

ದೊಡ್ಡಪ್ಪ ರಿವಾಲ್ವರನ್ನು ಕೆಳಗಿಟ್ಟು ಡಬಲ್ ಬ್ಯಾರೆಲ್ಲನ್ನು ಹೆಗಲಿಗಿಟ್ಟರು. ಕನ್ನಡಿಯಲ್ಲಿ ತಮ್ಮನ್ನು ನೋಡಿಕೊಂಡು ಮೀಸೆ ಸರಿಮಾಡಿಕೊಂಡರು. ಪಕ್ಕದಲ್ಲಿ ನಿಂತ ರುದ್ರಪ್ರಸಾದ್ ಅದೇ ಕನ್ನಡಿಯಲ್ಲಿ ತನ್ನ ಬೋರ್ಡನ್ನು ಕಂಡ.

ಅರ್ಜಿ ಹೊಸ ಜಿಲ್ಲೆ ರಾಮನಗರದ ಕಚೇರಿಗೆ ವರ್ಗವಾಗಿ, ಲೈಸೆನ್ಸು ಕೈಗೆ ಬರಲು ವರ್ಷವೇ ಹಿಡಿಯಿತು. 2008ರ ಸಂಕ್ರಾಂತಿಯ ಮಾರನೆಯ ವಾರ ಬಂದೂಕು ಮನೆಗೆ ಬಂತು. ದೊಡ್ಡಮ್ಮ ಅದಕ್ಕೆ ಕುಂಕುಮ ಹಚ್ಚಿದರು. ಖಾಕಿ ಕ್ಯಾನ್ವಾಸಿನ ಉದ್ದ ಚೀಲ, ಎರಡು ಬಕ್ಕಲ್ಲು, ಬಾಯಿಗೊಂದು ಪುಟ್ಟ ಬೀಗ, ನಡುಮನೆಯ ಅಟ್ಟದ ಮೇಲೆ ಜಾಗ. ಬೀಗದ ಕೈ ದೇವರ ಪಟದ ಹಿಂದಿನ ಮೊಳೆಯಲ್ಲಿ. ಬಂದೂಕಿನ ನಂಬರನ್ನು ರುದ್ರಪ್ರಸಾದ್ ಬಾಯಿಪಾಠ ಮಾಡಿದ. ಕಳವಾದ ಮೇಲೆ ತಡವರಿಸದೆ ಹೇಳುವವನ ಮಾತನ್ನು ಯಾರೂ ಅನುಮಾನಿಸುವುದಿಲ್ಲ.

ಆಮೇಲೆ ಅವನು ಕಾದ. ಕಾಯುವುದು ಅವನಿಗೆ ಕಷ್ಟವಾಗಲಿಲ್ಲ. ಮೊಳೆ ತೂಗುವಾಗ ಶಿಳ್ಳೆ ಹಾಕಿದ. ಹಾರೋಹಳ್ಳಿಗೆ ಎರಡು ಸಲ ಲೋಡು ತಲುಪಿಸಲು ಹೋದಾಗ ಖಾಲಿ ಮಳಿಗೆಯೊಂದರ ಮುಂದೆ ನಿಂತು ಬೋರ್ಡಿನ ಅಗಲವನ್ನು ಕಣ್ಣಲ್ಲೇ ಅಳೆದ. ಅಟ್ಟದ ಕಡೆಗೆ ಮಾತ್ರ ಬೇಕೆಂದೇ ತಲೆ ಎತ್ತಿ ನೋಡಲಿಲ್ಲ. ಮೂರು ತಿಂಗಳು ಬಂದೂಕಿನ ಮಾತೇ ಆಡಲಿಲ್ಲ. ಆಸೆಯಿರುವವನು ನೋಡುತ್ತಾನೆ, ಇಲ್ಲದವನು ನೋಡುವುದಿಲ್ಲ. ಇದು ಅವನ ಲೆಕ್ಕ.

ಏಪ್ರಿಲ್‌ನಲ್ಲಿ ವಿಧಾನಸಭೆ ಚುನಾವಣೆ ಘೋಷಣೆಯಾದಾಗ ದಿನ ತಾನಾಗಿಯೇ ಮಡಿಲಿಗೆ ಬಿತ್ತು. ದೊಡ್ಡಪ್ಪ, ದೊಡ್ಡಮ್ಮರ ಓಟು ಇನ್ನೂ ಹುಟ್ಟೂರು ಮರಳವಾಡಿಯಲ್ಲೇ ಇತ್ತು. ಅವರು ಬೆಳಗ್ಗೆ ಹೋದರೆ ನೆಂಟರ ಮನೆಯಲ್ಲಿ ಉಂಡು ಮಧ್ಯಾಹ್ನಕ್ಕೆ ಬರುತ್ತಾರೆ. ಅಂಗಡಿಗೆ ರಜೆ. ಪೊಲೀಸರೆಲ್ಲ ಬೂತುಗಳಲ್ಲಿ. ಎಲ್ಲಕ್ಕಿಂತ ಮಿಗಿಲಾಗಿ, ಚುನಾವಣೆಯ ಹೊತ್ತಿನಲ್ಲಿ ಬಂದೂಕು ಬೇಡದ ಪುಂಡರು ಯಾರಿದ್ದಾರೆ? ಆ ಕೊನೆಯ ಯೋಚನೆ ಎಷ್ಟು ಚೆಂದವಾಗಿತ್ತೆಂದರೆ ಅದಕ್ಕಾಗಿ ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳಬೇಕೆನಿಸಿತು.

ಮೇ ತಿಂಗಳ ಆ ಶನಿವಾರ ದೊಡ್ಡಪ್ಪ ಬಿಳಿ ಪಂಚೆ ಉಟ್ಟು ಆಟೋ ಹತ್ತಿದರು. "ಮನೆ ಕಡೆ ನೋಡ್ಕೊಳ್ಳಲಾ. ನಿನ್ನ ಓಟು ಸಂಜೆ ಹಾಕುವೆಯಂತೆ."

"ನೋಡ್ಕತೀನಿ ದೊಡ್ಡಪ್ಪ. ನೀವು ನೆಮ್ಮದಿಯಾಗಿ ಹೋಗ್ಬನ್ನಿ."

ಸಿಮೆಂಟು ಕೆಲಸದ ಕೈಗವಸು ಹಾಕಿಕೊಂಡು ಬೀರುವನ್ನು ಕಬ್ಬಿಣದ ಸಲಾಕೆಯಿಂದ, ಬೇಕೆಂದೇ ಒರಟಾಗಿ, ಒಡೆದ. ಡಾಬು ಕೈಗೆ ಬಂದಾಗ ಅದನ್ನು ಅರೆಕ್ಷಣ ಅಂಗಿಯ ಮೇಲೆ ಸೊಂಟಕ್ಕಿಟ್ಟು ನೋಡಿದ. ಮಠದವರಿಗಿಂತ ತನಗೇ ಒಪ್ಪುತ್ತದೆ ಅನಿಸಿತು. ಆಮೇಲೆ ಅಟ್ಟ ಹತ್ತಿದ. ಚೀಲ ಎಣಿಸಿದ್ದಕ್ಕಿಂತ ಒಸಿ ಭಾರವೆನಿಸಿತು. ಉದ್ವೇಗಕ್ಕೆ ತೋಳು ಸೋತಿದೆ ಎಂದುಕೊಂಡ. ಕ್ಯಾನ್ವಾಸಿನ ಮೇಲಿಂದ ತುದಿಯ ಕಬ್ಬಿಣ ಗಟ್ಟಿಯಾಗಿ ಬೆರಳಿಗೆ ತಾಗಿತು. ಬೀಗ ತೆಗೆದು ಒಮ್ಮೆ ನೋಡುವ ಆಸೆಯಾಯಿತು, ಆದರೆ ಯೋಜನೆಯಲ್ಲಿ ಅದು ಇರಲಿಲ್ಲ. ಯೋಜನೆಯಲ್ಲಿ ಇಲ್ಲದ್ದನ್ನು ಮಾಡುವವರೇ ಸಿಕ್ಕಿಬೀಳುವುದು.

ಚೀಲವನ್ನು ಎಂಟು ಪಿ.ವಿ.ಸಿ. ಪೈಪುಗಳ ಕಟ್ಟಿನ ನಡುವೆ ಸೇರಿಸಿ ಮೊಪೆಡ್ಡಿಗೆ ಬಿಗಿದ. ಪೈಪು ಹೊತ್ತ ರುದ್ರಪ್ರಸಾದನನ್ನು ಕನಕಪುರ ಹದಿನೈದು ವರ್ಷದಿಂದ ನೋಡುತ್ತಿತ್ತು, ಅಂದರೆ ನೋಡುತ್ತಲೇ ಇರಲಿಲ್ಲ. ಊರಾಚೆ ಕೈಬಿಟ್ಟ ಕಲ್ಲುಕ್ವಾರಿಯಲ್ಲಿ ಹಸಿರು ನೀರು ನಿಂತಿತ್ತು. ಗಟ್ಟಿಯಾಗಿ ಹೋದ ಹಳೆಯ ಸಿಮೆಂಟು ಮೂಟೆಯ ಒಂದು ತುಂಡನ್ನು ಬೈಂಡಿಂಗ್ ವೈರಿನಿಂದ ಚೀಲಕ್ಕೆ ಬಿಗಿದು ಕೆಳಗೆ ಬಿಟ್ಟ. ನೀರು ಒಮ್ಮೆ ಬಾಯಿ ತೆರೆದು ಮುಚ್ಚಿಕೊಂಡಿತು. ಆಮೇಲಿನ ಮೌನ ಅವನಿಗೆ ತುಂಬಾ ಹಿಡಿಸಿತು. ಇಡೀ ಜಗತ್ತು ತನ್ನ ಪರವಾಗಿ ಬಾಯಿ ಮುಚ್ಚಿಕೊಂಡಂತೆ. ಒಡವೆಯ ಗಂಟನ್ನು ಅಂಗಡಿಯ ಹಿಂದಿನ ಮೊಳೆ ಪೀಪಾಯಿಯ ತಳಕ್ಕೆ ಇಳಿಸಿ ಹನ್ನೊಂದೂವರೆಗೆ ಮನೆಯ ಹಿತ್ತಲ ಬಾಗಿಲಿಂದ ಒಳಗೆ ಬಂದ.

ಉಳಿದದ್ದು ಗಾಯ. ಹಣೆಯನ್ನು ಬಾಗಿಲ ಚೌಕಟ್ಟಿಗೆ ಬಡಿದುಕೊಂಡ. ಕೆಂಪಗೂ ಆಗಲಿಲ್ಲ. ಮತ್ತೆ ಬಡಿದುಕೊಂಡ, ನಗು ಬಂತು. ಮೂರನೆಯ ಸಲ ನಗುತ್ತಲೇ ಬಡಿದುಕೊಂಡಾಗ ನಕ್ಷತ್ರ ಕಂಡವು, ರಕ್ತ ಹುಬ್ಬಿನವರೆಗೆ ಇಳಿಯಿತು. ಯೋಜನೆಯಲ್ಲಿದ್ದ ಕಿರುಚಾಟ ನಿಜವಾದ ಕಿರುಚಾಟವಾಗಿ ಹೊರಬಂತು.

ಮೊದಲು ಓಡಿ ಬಂದವರು ಎದುರುಮನೆಯ ಶರ್ಫುನ್ನೀಸಾ. "ಅಯ್ಯೋ ಅಲ್ಲಾ! ಏನಾಯ್ತೋ ಪ್ರಸಾದಿ? ಯಾರು ಹೊಡೆದ್ರೋ?"

"ಮೂರು ಜನ ಅಕ್ಕ. ಬಂದೂಕು ಕಿತ್ಕೊಂಡು ಹೋದ್ರು."

"ಬಂದೂಕ್ ಮನೇಗೇ ನುಗ್ಗಿದ್ರಾ? ಗಂಡೆದೆ ಕಣಪ್ಪ ಅವರದು!" ಅವರು ಸೆರಗಿನಿಂದಲೇ ಅವನ ಹಣೆ ಒತ್ತಿ ಹಿಡಿದರು. ಆ ಮಾತನ್ನು ಅವನು ಪ್ರಶಂಸೆಯೆಂದೇ ಸ್ವೀಕರಿಸಿದ.

ದೊಡ್ಡಪ್ಪ ಬಂದಾಗ ಬೀದಿಯೆಲ್ಲ ಜಗಲಿಯ ಮುಂದಿತ್ತು. ರುದ್ರಪ್ರಸಾದ್ ಅಳುತ್ತ ಹೇಳಿದ: ಬೀರು ಒಡೆಯುವ ಸದ್ದಿಗೆ ತಾನು ಅಟ್ಟ ಹತ್ತಿ ಚೀಲ ಬಿಚ್ಚಿದ್ದು, ಬಂದೂಕು ತೆಗೆದು ಗುರಿ ಹಿಡಿದದ್ದು, ಒಬ್ಬ ನಳಿಗೆಗೇ ಕೈ ಹಾಕಿ ಕಿತ್ತುಕೊಂಡು ಅದರ ಹಿಡಿಯಿಂದಲೇ ಹಣೆಗೆ ಹೊಡೆದದ್ದು, ಚೀಲವನ್ನೂ ಬಿಡದೆ ಒಯ್ದದ್ದು.

ದೊಡ್ಡಮ್ಮ ಏನೋ ಹೇಳಲು ಬಾಯಿ ತೆರೆದರು. ದೊಡ್ಡಪ್ಪ ಕೈ ಎತ್ತಿ ತಡೆದರು.

"ಬಂದೂಕ ಕಿತ್ಕೊಂಡ್ರಾ? ನಿನ್ನ ಕೈಯಿಂದ?"

"ಹೂಂ ದೊಡ್ಡಪ್ಪ."

"ನಿನ್ನ ಕೈಯಾರ ಹಿಡ್ದಿದ್ದೇನ್ಲಾ ಅದನ್ನ?"

"ನಿಮ್ಮಾಣೆ ದೊಡ್ಡಪ್ಪ."

ಅವರು ಅಟ್ಟದ ಕಡೆ ನೋಡಿದರು. ಹೆಗಲ ಮೇಲಿನ ಟವೆಲ್ಲನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದರು. "ನಡಿ, ಸ್ಟೇಷನ್ನಿಗೆ ಹೋಗಾನ," ಅಂದರು. ಮುದುಕನಿಗೆ ಒಡವೆಗಿಂತ ಬಂದೂಕಿನ ದುಃಖವೇ ಹೆಚ್ಚೆಂದು ರುದ್ರಪ್ರಸಾದನಿಗೆ ಕನಿಕರವಾಯಿತು. ಅಂಗಡಿ ಶುರುವಾದ ಮೇಲೆ ಇವರನ್ನೇ ಕರೆದು ದೀಪ ಹಚ್ಚಿಸಬೇಕು ಅಂದುಕೊಂಡ.

ಸ್ಟೇಷನ್ನು ಖಾಲಿಯಾಗಿತ್ತು. ಎಲ್ಲರೂ ಬೂತುಗಳಿಗೆ ಹೋಗಿದ್ದರು, ಹೆಡ್ ಕಾನ್‌ಸ್ಟೇಬಲ್ ಮುನಿಶಾಮಯ್ಯ ಒಬ್ಬರೇ ಫ್ಯಾನಿನ ಕೆಳಗೆ ಕೂತಿದ್ದರು. ಅವರು ತಾಳ್ಮೆಯಿಂದ ದೂರು ಬರೆದುಕೊಂಡರು, ಗಾಯ ನೋಡಿ ಲೊಚಗುಟ್ಟಿದರು. "ಗನ್ನಿನ ನಂಬರು ನೆನಪೈತೇನಪ್ಪ?" ಅಂದಾಗ ರುದ್ರಪ್ರಸಾದ್ ನೆಟ್ಟಗೆ ಕೂತು ಒಂದೇ ಉಸಿರಿಗೆ ಹೇಳಿದ.

ಮುನಿಶಾಮಯ್ಯನವರ ಪೆನ್ನು ನಂಬರಿನ ಅರ್ಧಕ್ಕೇ ನಿಂತಿತು. ಅವರು ದೊಡ್ಡಪ್ಪನ ಮುಖ ನೋಡಿದರು. ದೊಡ್ಡಪ್ಪ ನೆಲ ನೋಡುತ್ತಿದ್ದರು. ಮುನಿಶಾಮಯ್ಯ ಎದ್ದು ಪಕ್ಕದ ಕೋಣೆಯ ಬೀಗ ತೆಗೆದರು. ಗೋಡೆಗೆ ಸಾಲಾಗಿ ನಲವತ್ತು ಬಂದೂಕುಗಳು ಒರಗಿದ್ದವು, ಪ್ರತಿಯೊಂದರ ಕುತ್ತಿಗೆಗೂ ದಾರದಲ್ಲಿ ಒಂದೊಂದು ಚೀಟಿ. "ಎಲೆಕ್ಷನ್ ಬಂತು ಅಂದ್ರೆ ಲೈಸೆನ್ಸ್ ಇರೋರೆಲ್ಲ ತಂದು ಇಲ್ಲಿ ಒಪ್ಪಿಸ್ಬೇಕು ಕಣಪ್ಪ, ಕೌಂಟಿಂಗ್ ಮುಗಿಯೋಗಂಟ," ಅನ್ನುತ್ತ ಐದನೆಯದನ್ನು ಎತ್ತಿ ತಂದು ಮೇಜಿನ ಮೇಲಿಟ್ಟರು. ಕುಂಕುಮದ ಗುರುತು ಇನ್ನೂ ಇತ್ತು. ಚೀಟಿಯಲ್ಲಿ ಚನ್ನಲಿಂಗಪ್ಪನವರ ಸಹಿ, ಏಪ್ರಿಲ್ ತಿಂಗಳ ತಾರೀಖು. "ಮನೇಲಿ ಬಂದೂಕಿಲ್ಲ ಅಂತ ಯಾರ್ಗೂ ಹೇಳ್ಬೇಡಿ ಯಜಮಾನ್ರೇ, ಕಳ್ಳ್ರು ಬಂದ್ಬುಟ್ಟಾರು ಅಂತ ನಾನೇ ಹೇಳಿದ್ದೆ. ಹಂಗಾದ್ರೆ ನಿನ್ನ ಕೈಯಿಂದ ಕಿತ್ಕೊಂಡು ಹೋಗಿದ್ದು ಏನಪ್ಪಾ?" ರುದ್ರಪ್ರಸಾದ್ ಚೀಟಿಯನ್ನು ತಿರುವಿ ನೋಡಿದ. ದೊಡ್ಡಪ್ಪ ತಲೆ ಎತ್ತದೆ, ನಾಚಿಕೆಯಿಂದೆಂಬಂತೆ, ಮೆಲ್ಲಗೆ ಅವನ ಪರವಾಗಿ ಉತ್ತರ ಕೊಟ್ಟರು: "ಒನಕೆ ಸಾರ್. ಚೀಲ ಖಾಲಿ ಕಾಣಬಾರ್ದು ಅಂತ ಮೆಣಸಿನಕಾಯಿ ಕುಟ್ಟೋ ಒನಕೆ ಇಟ್ಟಿದ್ದೆ."